ಬಯ್ಯೂಮಿಯ ಎಂಟು ಡಬ್ಬಿ ಕೆಂಪು

ಎಲ್ಲದಕ್ಕೂ ಮೂಲ ರಿಫಾತನ ಹೊಸ ಕಾರು. ತಿಂಗಳ ಹಿಂದೆ ಅದನ್ನು ತಂದ ದಿನ ಅವನು ಕುರಿ ಕಡಿಸಿ, ರಕ್ತದಲ್ಲಿ ಅಂಗೈ ಅದ್ದಿ, ಕೆಟ್ಟ ಕಣ್ಣು ತಾಗದಿರಲೆಂದು ಕಾರಿನ ಬೆನ್ನಿಗೆ ಐದು ಬೆರಳ ಗುರುತು ಒತ್ತಿದ್ದ. ಶುಬ್ರಾ ಬಡಾವಣೆಯ ತಮ್ಮ ಗಲ್ಲಿಗೆಲ್ಲ ಮಾಂಸ ಹಂಚಿದ್ದ. ಬಯ್ಯೂಮಿ ತನ್ನ ಪಾಲನ್ನು ಎರಡು ಸಲ ಬಡಿಸಿಕೊಂಡು ಉಂಡರೂ ಅದು ಜೀರ್ಣವಾಗಲಿಲ್ಲ. ಹೊಟ್ಟೆ ತುಂಬ ಕಿಚ್ಚೇ ಇದ್ದರೆ ಮಾಂಸಕ್ಕೆ ಜಾಗವೆಲ್ಲಿ?

ಇವತ್ತು ಗುರುವಾರ, ಸಂಜೆ ನಜ್ಲಾಳ ಮದುವೆ. ನಜ್ಲಾ ಬಯ್ಯೂಮಿಯ ತೀರಿಹೋದ ಅಣ್ಣನ ಮಗಳು. ರಿಫಾತ್ ಅವಳ ಸೋದರಮಾವ. ಒಂಬತ್ತು ವರ್ಷ ಅವಳನ್ನು ಶಾಲೆಗೆ, ಕಾಲೇಜಿಗೆ, ಹಲ್ಲು ಕೀಳಿಸಲು ಕೂಡ ಕರೆದೊಯ್ದದ್ದು ಬಯ್ಯೂಮಿಯ ಮುದಿ ಕಾರು. ಮದುಮಗಳಾಗಿ ಅವಳು ಕೂರಬೇಕಾದದ್ದೂ ಅದರಲ್ಲೇ ಎಂದು ಅವನು ಎಣಿಸಿದ್ದ. ಆದರೆ ಬೆಳಿಗ್ಗೆ ಕಿಟಕಿ ತೆರೆದರೆ, ಅತ್ತಿಗೆ ಕರೀಮಾಳ ಬಾಗಿಲೆದುರು ರಿಫಾತನ ಬೆಳ್ಳಿ ಬಣ್ಣದ ಕಾರು ಮಿರಮಿರ ಮಿನುಗುತ್ತ ನಿಂತಿತ್ತು.

"ನೋಡ್ದೇನೇ? ಹುಡುಗೀನ ಅವನೇ ಕರ್ಕೊಂಡ್ ಹೋಗ್ತಾನೆ," ಎಂದ ಹೆಂಡತಿ ಅವಾತಿಫ್‌ಗೆ.

"ಯಾರು ಹೇಳಿದ್ರು?"

"ಬೇರೆ ಹೇಳ್ಬೇಕಾ? ಆ ಹೊಳಪು ನೋಡಿದ್ರೆ ಗೊತ್ತಾಗಲ್ವಾ?"

ಅವಾತಿಫ್ ಒಲೆಯ ಮೇಲಿನ ಕಾಳು ಮುಗುಚುತ್ತ, "ಹೊಟ್ಟೆ ಉರ್ಕೊಂಡು ಏನ್ ಬಂತು ರೀ? ನಿಮ್ಮ ಕಾರಿಂದು ಯಾವ ಬಣ್ಣ ಅಂತ ಪೊಲೀಸ್ನೋನು ಕೇಳಿದ್ರೆ ನೀವೇ ಅತ್ತಿತ್ತ ನೋಡ್ತೀರ," ಎಂದಳು.

ಆ ಮಾತು ನಾಟಿತು. ಬಯ್ಯೂಮಿ ತಿಂಡಿ ಬಿಟ್ಟು ಎದ್ದ. ಅಂಚೆ ಕಚೇರಿಗೆ ರಜೆ ಹೇಳಿ ಕಳಿಸಿ, ಬಣ್ಣದಂಗಡಿಯಿಂದ ಎಂಟು ಸ್ಪ್ರೇ ಡಬ್ಬಿ ಕಡುಗೆಂಪು ತಂದ. ಗಾಜುಗಳಿಗೆಲ್ಲ ಹಳೆ ಪೇಪರು ಅಂಟಿಸಿ, ಮುಖಕ್ಕೆ ಹೆಂಡತಿಯ ತಲೆವಸ್ತ್ರ ಬಿಗಿದು, ಬಾನೆಟ್ಟಿನ ಮೇಲೆ ಬುಸ್ಸೆಂದು ಶುರು ಮಾಡಿದ. ಬಾನೆಟ್ಟು ಪೂರ್ತಿ ಕೆಂಪಾದಾಗ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎದೆ ತಂಪಾಯಿತು.

ಅಷ್ಟರಲ್ಲಿ ಮೇಲಿಂದ ಧಬ್ ಧಬ್ ಎಂದಿತು. ಮೂರನೇ ಮಹಡಿಯ ಉಮ್ಮ್ ಸಬ್ರಿ ಜಮಖಾನೆಯನ್ನು ಬಾಲ್ಕನಿಗೆ ಇಳಿಬಿಟ್ಟು ಕೋಲಿನಿಂದ ಬಡಿಯುತ್ತಿದ್ದಳು. ಆರು ತಿಂಗಳ ಧೂಳು ಹಸಿ ಬಣ್ಣದ ಮೇಲೆ ಬಂದು ಕೂತಿತು.

"ಇವತ್ತೇ ಕೊಡವ್ಬೇಕಿತ್ತಾ ತಾಯಿ?"

"ಮದುವೆಗೆ ನೆಂಟರು ಬರ್ತಾರಪ್ಪ. ನೀನು ಕಾರಿಗೆ ಬಣ್ಣ ಬಳೀಬಹುದು, ನಾನು ಜಮಖಾನೆ ಕೊಡವ್ಬಾರ್ದಾ?"

ಉಜ್ಜಿ ಮತ್ತೆ ಬಳಿಯುವಷ್ಟರಲ್ಲಿ ಮೂರು ಡಬ್ಬಿ ಖಾಲಿ. ಇತ್ತ ಕಾಫಿ ಅಂಗಡಿಯ ಹಾಜಿ ದಸೂಕಿ, ಮುಂದಿನ ಗಾಜಿಗೆ ಅಂಟಿಸಿದ್ದ ಮರಣವಾರ್ತೆಯ ಪುಟಕ್ಕೆ ಮೂಗು ಹಚ್ಚಿ ನಿಂತಿದ್ದ. ಊರಲ್ಲಿ ಯಾರು ಸತ್ತರೆಂದು ತಿಳಿಯದೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

"ಅಯ್ಯೋ, ಇವರು ತೀರ್ಕೊಂಡ್ರಾ? ಉಳಿದಿದ್ದು ಹಿಂಬದಿ ಪುಟದಲ್ಲಿದೆ ಅಂತ ಬರ್ದಿದ್ದಾರೆ," ಎಂದು ಅವನು ಪೇಪರನ್ನು ಸರ್ರನೆ ಕಿತ್ತ. ಬಯ್ಯೂಮಿ ಬಿಟ್ಟ ಬಣ್ಣ ನೇರ ಗಾಜಿಗೆ ಹೋಯಿತು.

"ಹಾಜಿ, ಅದು ಮೂರು ವರ್ಷದ ಹಳೇ ಪೇಪರು."

"ಹಂಗಾದ್ರೆ ಮೂರು ವರ್ಷದಿಂದ ನಾನು ಅವರ ಮನೆಗೆ ಹೋಗಿ ಮಾತಾಡ್ಸಿಲ್ಲ. ಇನ್ನೂ ತಪ್ಪಾಯ್ತು," ಎಂದು ಹಾಜಿ ಪೇಪರು ಮಡಿಸಿಕೊಂಡು ಹೊರಟೇಬಿಟ್ಟ.

ಬಯ್ಯೂಮಿ ಸೀಮೆಎಣ್ಣೆ ಹಾಕಿ ಗಾಜು ತಿಕ್ಕುತ್ತಿದ್ದಾಗ ರಿಫಾತ್ ಬಂದ. ಏನೋ ಹೇಳಲು ಬಾಯಿ ತೆರೆದವನು ಕೆಂಪು ಬಾನೆಟ್ಟು ಕಂಡು ಬಾಯಿ ಮುಚ್ಚಿದ. ಆಮೇಲೆ ಮುಖವರಳಿಸಿದ.

"ಭಾವ, ಏನ್ ಕೈ ನಿಂದು! ಹಿಂದುಗಡೆನೂ ಬಳಿ. ಬಾಗಿಲು ಬಿಡಬೇಡ."

"ಡಬ್ಬಿ ಸಾಲಲ್ಲ."

"ನಾನಿಲ್ವಾ?" ಎಂದ ರಿಫಾತ್ ತಾನೇ ಓಡಿ ಅದೇ ಬಣ್ಣದ ಎರಡು ಡಬ್ಬಿ ತಂದ. ಅಂಗಿಯ ತೋಳು ಮಡಚಿ ಒಂದು ಬಾಗಿಲನ್ನು ತಾನೇ ಬಳಿದ. ಗಲ್ಲಿಯ ಅರ್ಧ ಜನ ಸೇರಿದರು. ತಾನು ಹೊಟ್ಟೆ ಉರಿದುಕೊಂಡದ್ದು ಇಂಥ ಚಿನ್ನದಂಥವನ ಮೇಲೆಯೇ ಎಂದು ಬಯ್ಯೂಮಿಗೆ ನಾಚಿಕೆಯೂ ಆಯಿತು. ಆದರೂ ರಿಫಾತನ ಕಾರಿಗಿಂತ ತನ್ನದು ಹೆಚ್ಚು ಹೊಳೆಯುತ್ತಿದೆ ಎಂದು ಒಳಗೊಳಗೇ ಹಿಗ್ಗಿದ.

"ನಂಗೊಂಚೂರು ಕೆಲಸ ಇದೆ ಭಾವ," ಎಂದು ರಿಫಾತ್ ಮಧ್ಯಾಹ್ನಕ್ಕೆ ತನ್ನ ಕಾರು ಹತ್ತಿ ಹೋದ.

ಸಂಜೆಗೆ ಮುಂಚಿನ ಅಸರ್ ನಮಾಜು ಮುಗಿಯುವ ಹೊತ್ತಿಗೆ ಕರೀಮಾ ಕೈತುಂಬ ಹೂವು, ರಿಬ್ಬನ್ನು ಹಿಡಿದು ಬಂದಳು. ಕೆಂಪು ಕಾರಿನ ಪಕ್ಕದಲ್ಲೇ ಹಾದು ಹೋಗಿ, "ಬಯ್ಯೂಮಿ, ಕಾರೆಲ್ಲಪ್ಪ?" ಎಂದಳು.

"ಇದೇ ಅತ್ತಿಗೆ," ಎಂದ ಅವನು ಎದೆಯುಬ್ಬಿಸಿ.

ಕರೀಮಾ ಹೂವು ಕೆಳಗಿಟ್ಟು ಎದೆ ಬಡಿದುಕೊಂಡಳು. "ಇದೇನ್ ಮಾಡ್ಕೊಂಡೆ ಮಾರಾಯ?"

"ಚೆನ್ನಾಗಿಲ್ವಾ?"

"ಚೆನ್ನಾಗಿದೆ, ಅದೇ ಕಷ್ಟ. ಹಿಂದಿನ ಬೀದಿ ಹುಡುಗಿ ಹೊಸ ಕಾರಲ್ಲಿ ಮೆರೆದ್ಲು, ಮೂರನೇ ದಿನಕ್ಕೆ ಗಂಡ ಮೆಟ್ಟಿಲಿಂದ ಉರುಳಿದ. ಅದಕ್ಕೇ ಯಾರ ಕಣ್ಣೂ ಬೀಳದ ಕಾರು ಅಂದ್ರೆ ನಿಂದೊಂದೇ ಅಂತ ನಿನ್ನೆ ದಿನಾನೇ ತೀರ್ಮಾನ ಮಾಡಿದ್ದೆ. ತೊಳೀಲೂ ಬೇಡ ಅಂತ ಹೇಳೋಕೆ ಬೆಳಿಗ್ಗೇನೆ ರಿಫಾತನ್ನ ಕಳಿಸಿದ್ನಲ್ಲ?"

ಬಯ್ಯೂಮಿ ರಿಫಾತ್ ಹೋದ ದಾರಿಯತ್ತ ತಿರುಗಿದ. ಅಷ್ಟರಲ್ಲಿ ಗಲ್ಲಿಯ ತಿರುವಿನಲ್ಲಿ ಒಂದು ಕಾರು ಬಂತು. ಸಿಮೆಂಟು ಗೋದಾಮಿನ ಮುಂದೆ ಮೂರು ತಾಸು ನಿಲ್ಲಿಸಿದಂತೆ ಬೆಳ್ಳಿ ಬಣ್ಣ ಕಾಣದಷ್ಟು ಮೈತುಂಬ ಬೂದಿ ಧೂಳು, ಚಕ್ರದ ಮುಚ್ಚಳಗಳಿಲ್ಲ, ಬಂಪರಿಗೆ ಹಗ್ಗ ಕಟ್ಟಿದೆ. ಒಳಗೆ ಹೊಸ ಸೂಟು ಹಾಕಿ ಕೂತವನು ರಿಫಾತ್.

"ನಂಗೇನೂ ಆಸೆ ಇಲ್ಲ ಅಕ್ಕ," ಎಂದ ಅವನು ಬಯ್ಯೂಮಿಯತ್ತ ನೋಡದೆ. "ಹೊತ್ತಾಯ್ತಲ್ಲ ಅಂತ ಬಂದೆ, ಅಷ್ಟೇ."

ಬಿಳಿ ಉಡುಪಿನ ನಜ್ಲಾ ಮೆಟ್ಟಿಲಿಳಿದು ಬಂದು ಧೂಳಿನ ಕಾರು ಹತ್ತಿದಳು. ಬಾಗಿಲು ಮುಚ್ಚುವ ಮೊದಲು, "ಚಿಕ್ಕಪ್ಪ, ನಿಮ್ಮ ಕಾರಲ್ಲೇ ಹೋಗ್ತೀನಿ ಅಂತ ನಾನು ಎಷ್ಟು ಆಸೆ ಇಟ್ಕೊಂಡಿದ್ದೆ," ಎಂದಳು. ಬಯ್ಯೂಮಿಗೆ ಅಳು ಬಂತು.

ಕರೀಮಾ ಅವನ ಭುಜ ತಟ್ಟಿದಳು. "ಬೇಜಾರ್ ಮಾಡ್ಕೋಬೇಡ. ಮೆರವಣಿಗೆಗೆ ನೀನೇ ಮುಂದೆ ನಡಿ. ಒಬ್ಬನೇ ಹೋಗು, ಯಾರನ್ನೂ ಕೂರಿಸ್ಬೇಡ. ಊರಿನ ಕಣ್ಣೆಲ್ಲ ನಿನ್ನ ಕಾರಿನ ಮೇಲೇ ಬೀಳ್ಲಿ. ನನ್ನ ಮಗಳು ಹಿಂದೆ ಸುಖವಾಗಿ ಬರ್ತಾಳೆ."

ಹೀಗೆ ಆ ಸಂಜೆ ಬಯ್ಯೂಮಿ ಹೊಸ ಮನೆಗೆ ಕಟ್ಟಿದ ದೃಷ್ಟಿಬೊಂಬೆಯಂತೆ, ಖಾಲಿ ಕಾರಿನಲ್ಲಿ ಹಾರ್ನ್ ಬಾರಿಸುತ್ತ ಮೆರವಣಿಗೆಯ ಮುಂದೆ ಹೊರಟ. ಇಕ್ಕೆಲದ ಬಾಲ್ಕನಿಗಳಿಂದ ಜನ "ಎಂಥಾ ಕಾರು!" ಎಂದು ಬಾಯಿ ಬಿಟ್ಟು ನೋಡಿದರು. ಅವನಿಗೆ ಮಾತ್ರ ಬೆಳಿಗ್ಗೆಯವರೆಗೆ ತನ್ನ ಬಳಿಯಿದ್ದ ಆ ಬಣ್ಣಗೆಟ್ಟ ಕಾರಿನ ಮೇಲೆ ಎಲ್ಲಿಲ್ಲದ ಹೊಟ್ಟೆಕಿಚ್ಚು.