ಬರ್ನರಿನಲ್ಲಿ ಸಿಕ್ಕ ಅಗುಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಅದು ಮಂಗಳವಾರವೋ ಬುಧವಾರವೋ, ಹುಣಸೆಹಣ್ಣು ಕಿವುಚಿದ್ದು ಸ್ಟೀಲು ಬೋಗುಣಿಯಲ್ಲೋ ಹಳೆಯ ಬಕೆಟ್ಟಿನಲ್ಲೋ ಎಂದು ಯಾರಾದರೂ ಪಾಟೀಸವಾಲು ಮಾಡಿದರೆ ತಡವರಿಸುತ್ತೇನೆ. ಇತಿಹಾಸದಲ್ಲಿ ಎಂ.ಎ. ಓದುವಾಗ ಮೇಷ್ಟ್ರೊಬ್ಬರು, ನೆನಪನ್ನು ನಂಬಬೇಡಿ, ಬರೆದಿಟ್ಟದ್ದನ್ನು ನಂಬಿ ಎಂದಿದ್ದರು. ಹಾಗೆ ಎಂದಿದ್ದರು ಅಂತ ನನ್ನ ನೆನಪು. ಅಂದಿನಿಂದ ದಿನಚರಿ ಬರೆಯುತ್ತಿದ್ದೇನೆ. ಕೊನೆಗೆ ಬಾಳೆಹೊನ್ನೂರಿನಿಂದ ಬರುವ ಬಸ್ಸಿನಲ್ಲಿ ನನ್ನ ಬೆವರಿಳಿಸಿದ್ದೂ ಆ ದಿನಚರಿಯೇ.

ಕೊಪ್ಪದ ಪೇಟೆ ಮಗ್ಗುಲಿನ ನಮ್ಮ ಮನೆಯಲ್ಲಿ ಇರುವುದು ಇಬ್ಬರೇ, ನಾನು ಮತ್ತು ನನ್ನ ದೊಡ್ಡಮ್ಮ. ದೊಡ್ಡಮ್ಮ ನೆಮ್ಮಾರಿನವಳು, ಮುಕ್ಕಾಲು ಆಯುಷ್ಯ ಸೌದೆ ಒಲೆಯ ಮುಂದೆ ಕಳೆದವಳು. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ವಾಸನೆ ಹಿಡಿಯುವ ಅವಳ ಮೂಗಿನ ಶಕ್ತಿಯನ್ನು ಪೂರ್ತಿ ತೆಗೆದುಕೊಂಡು ಹೋಯಿತು. ಈಗ ಹಿಂಗೂ ಒಂದೇ, ಸಂಪಿಗೆಯೂ ಒಂದೇ. ನಾಲಿಗೆಯನ್ನು ಮಾತ್ರ ಜ್ವರ ಮುಟ್ಟಲಿಲ್ಲ.

ಸುಮಾರು ದಿನದಿಂದ ಒಲೆಯ ಉರಿ ಹಳದಿಯಾಗಿ, ಪಾತ್ರೆಗಳ ತಳವೆಲ್ಲ ಮಸಿಯಾಗುತ್ತಿತ್ತು. ನಮ್ಮ ರಸ್ತೆಯ ತುದಿಯಲ್ಲಿ ಮಿಕ್ಸಿ, ಸ್ಟೌ ರಿಪೇರಿ ಮಾಡುವ ಅಬ್ಬಾಸಣ್ಣನನ್ನು ಕೇಳಿದೆ. "ಬರ್ನರಿನ ತೂತು ಕಟ್ಟಿರ್ತದೆ ಅಕ್ಕ. ಬಿಸಿ ಹುಣಸೆನೀರಲ್ಲಿ ನೆನೆಸಿ ಬ್ರಶ್ ಹಾಕಿ ತಿಕ್ಕಿ. ಪೂರಾ ಒಣಗಿದ ಮೇಲೇ ಕೂರಿಸ್ಬೇಕು ಮತ್ತೆ," ಎಂದ. ಕಡೆಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದೆ.

ಬೆಳಿಗ್ಗೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಬರ್ನರುಗಳನ್ನು ಹುಣಸೆನೀರಿನಲ್ಲಿ ಮುಳುಗಿಸಿದೆ. ಅರ್ಧ ಗಂಟೆಯ ಮೇಲೆ ಬಲಗಡೆಯದನ್ನು ತಿಕ್ಕಿದರೆ ಕರಿ ಕರಿ ಕಾಳುಗಳು ಉದುರತೊಡಗಿದವು. ಜೀರಿಗೆಯಲ್ಲ, ಸಾಸಿವೆಯಲ್ಲ. ಅನ್ನದ ಅಗುಳು! ತುಪ್ಪದಲ್ಲಿ ಮಿಂದು ಇದ್ದಿಲಾದ ಅಗುಳು.

"ದೊಡ್ಡಮ್ಮ, ಇದೆಂತದು?"

"ಅಗ್ನಿಗೆ ಕೊಟ್ಟಿದ್ದು," ಎಂದಳು, ಹಾಲಿನವನಿಗೆ ಕೊಟ್ಟಿದ್ದು ಎಂಬಷ್ಟು ಸಲೀಸಾಗಿ. "ಅಗ್ನಿಗೆ ಕೊಡದೇ ಉಂಬುದು ಹ್ಯಾಂಗೆ ಕೂಸೇ?"

ಸೌದೆ ಒಲೆಯ ಕಾಲದಲ್ಲಿ ಅನ್ನ ಇಳಿಸಿದ ಕೂಡಲೇ ತುಪ್ಪ ಸೋಕಿಸಿದ ನಾಲ್ಕು ಅಗುಳನ್ನು ಕೆಂಡಕ್ಕೆ ಹಾಕುವುದು ಅವಳ ಪದ್ಧತಿ. ಒಲೆ ಬದಲಾಯಿತು, ದೇವರು ಬದಲಾಗಲಿಲ್ಲ. ನಾನು ಪಾಠ ಮಾಡಿ ಕಾಲೇಜಿನಿಂದ ಬರುವುದರೊಳಗೆ ಅಗ್ನಿಯ ಊಟ ಮುಗಿದಿರುತ್ತಿತ್ತು.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಏನೆಂದೆ ಎಂಬುದು ಮಾತ್ರ ದುರದೃಷ್ಟವಶಾತ್ ಚೆನ್ನಾಗಿ ನೆನಪಿದೆ. "ಗ್ಯಾಸ್ ಸೋರಿದ್ರೂ ನಿಂಗೆ ವಾಸನೆ ಬರಲ್ಲ. ಇನ್ಮೇಲೆ ನೀನು ಒಲೆ ಮುಟ್ಟಲೇಬೇಡ." ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋಗಿ ಕೂತಳು.

ಮಧ್ಯಾಹ್ನ ನಾನು ಬಾಳೆಹೊನ್ನೂರಿನ ಗೆಳತಿಯ ಮನೆಗೆ ಹೋದೆ. ಅಲ್ಲಿ ಕಾಫಿ ಕುಡಿಯುತ್ತ, ಒಲೆ ತೊಳೆಯುವ ವಿಧಾನದ ಬಗ್ಗೆ ಅವಳಿಗೊಂದು ಉಪನ್ಯಾಸವನ್ನೂ ಕೊಟ್ಟೆ. "ಎಲ್ಲಕ್ಕಿಂತ ಮುಖ್ಯ, ರೆಗ್ಯುಲೇಟರ್ ಬಂದ್ ಮಾಡೋದು."

ವಾಪಸು ಬರುವಾಗ ಬಸ್ಸು ಜಯಪುರ ದಾಟಿತು. ಆಗ ಆ ವಾಕ್ಯ ತಿರುಗಿ ಬಂದು ನನ್ನನ್ನೇ ಹಿಡಿಯಿತು. ಬೆಳಿಗ್ಗೆ ಬಂದ್ ಮಾಡಿದ್ದೆ, ಸರಿ. ಬರ್ನರ್ ಕೂರಿಸಿದ ಮೇಲೆ ಪರೀಕ್ಷೆಗೆಂದು ತೆರೆದೆ. ಎಡಗಡೆಯದು ನೀಲಿಯಾಗಿ ಹೊತ್ತಿತು, ಆರಿಸಿದೆ. ಬಲಗಡೆಯದು ಇನ್ನೂ ಒದ್ದೆ. ಲೈಟರ್ ಟಕ್ ಟಕ್ ಎಂದಿತೇ ಹೊರತು ಹೊತ್ತಲಿಲ್ಲ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಆಮೇಲೆ? ರೆಗ್ಯುಲೇಟರ್ ತಿರುಗಿಸಿದ ನನ್ನ ಕೈ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಅದು ಬೆಳಗಿನ ಕೈಯೋ, ಮಧ್ಯಾಹ್ನದ ಕೈಯೋ?

ಚೀಲದಲ್ಲಿ ದಿನಚರಿ ಇತ್ತು. ಆ ದಿನದ ಪುಟ ತೆಗೆದೆ. "ಒಲೆ ತೊಳೆದೆ. ಹೊತ್ತಿಸಿ ನೋಡಿ, ಎಲ್ಲ ಬಂದ್ ಮಾಡಿ ಹೊರಟೆ." ನನ್ನದೇ ಅಕ್ಷರ! ಸೀಟಿಗೆ ಒರಗಿ ಉಸಿರು ಬಿಟ್ಟೆ. ಅರ್ಧ ಉಸಿರು ಬಿಟ್ಟಿದ್ದೆನೋ ಇಲ್ಲವೋ, ಆ ಪುಟದ ಮೂಲೆಯಲ್ಲಿ ಹುಣಸೆನೀರಿನ ಕಲೆ ಕಾಣಿಸಿತು. ಅದನ್ನು ಬರೆದದ್ದು ಬರ್ನರುಗಳು ಇನ್ನೂ ನೆನೆಯುತ್ತಿದ್ದಾಗ, ಸಮಯ ಉಳಿಯಲಿ ಎಂದು. ಮಾಡಬೇಕಾದ್ದನ್ನು ಮಾಡಿದೆ ಎಂದು ಮುಂಗಡ ಬರೆದಿಡುವ ಚಟ ನನಗೆ ಮೊದಲಿನಿಂದಲೂ ಇದೆ.

ಹೊರಗೆ ಬಿಸಿಲು ಇಳಿಯುತ್ತಿತ್ತು. ಇನ್ನು ಇಪ್ಪತ್ತು ನಿಮಿಷಕ್ಕೆ ದೊಡ್ಡಮ್ಮ ದೇವರ ಮುಂದೆ ಬೆಂಕಿಕಡ್ಡಿ ಗೀರುತ್ತಾಳೆ. ದೇವರಿರುವುದು ಅಡುಗೆಮನೆಯ ಗೂಡಿನಲ್ಲಿ. ಕಿಟಕಿಗಳನ್ನು ಮುಚ್ಚಿ ಬಂದದ್ದು ನಾನೇ, ಮಂಗಗಳ ಕಾಟಕ್ಕೆ. ಮನೆಗೆ ಫೋನು ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡುವಷ್ಟರಲ್ಲಿ ಸಿಗ್ನಲ್ ಹೋಯಿತು. ಎದ್ದು ಕಂಡಕ್ಟರನ ಹತ್ತಿರ, ಸ್ವಲ್ಪ ಜೋರಾಗಿ ಬಿಡಲು ಹೇಳಿ ಎಂದೆ. "ಈ ತಿರುವಲ್ಲಿ ಜೋರಾಗಿ ಬಿಟ್ರೆ ಸೀದಾ ಹೊಳೆಗೇ ಅಕ್ಕ. ಕೂತ್ಕೊಳ್ಳಿ ಮಾರಾಯ್ತಿ," ಎಂದ.

ಎರಡು ತಿರುವು ಕಳೆದು ಸಿಗ್ನಲ್ಲಿನ ಒಂದೇ ಒಂದು ಕಡ್ಡಿ ಮೂಡಿತು. ಅಬ್ಬಾಸಣ್ಣನಿಗೆ ಕರೆ ಮಾಡಿ, "ನಮ್ಮನೆಗೆ ಓಡು, ದೊಡ್ಡಮ್ಮ ದೀಪ ಹಚ್ಚಬಾರ್ದು, ಗ್ಯಾಸ್," ಎಂದಷ್ಟೇ ಹೇಳಿದೆ. ಲೈನು ಕಟ್ಟಾಯಿತು. ಆಮೇಲಿನ ಹೊತ್ತು ಎಷ್ಟೆಂದು ಕೇಳಬೇಡಿ. ಗಡಿಯಾರದಲ್ಲಿ ಎಂಟು ನಿಮಿಷವಂತೆ. ಅಷ್ಟರಲ್ಲಿ ನಾನು ದೊಡ್ಡಮ್ಮನಿಗೆ ಬೆಳಿಗ್ಗೆ ಆಡಿದ ಮಾತನ್ನು ನೂರು ಸಲ ವಾಪಸು ತೆಗೆದುಕೊಂಡಿದ್ದೆ.

ಫೋನು ಬಂತು. "ಅಕ್ಕ, ಎಂತ ಹೆದರ್ಸೋದು ನೀವು! ದೊಡ್ಡಮ್ಮ ದೀಪ ಹಚ್ಚಿ ಹಾಯಾಗಿ ಕೂತಿದ್ದಾರೆ. ನಂಗೆ ಕಾಫಿ ಇಲ್ಲ ಅಂದ್ರು, ಒಲೆ ಮುಟ್ಟೋ ಹಾಗಿಲ್ವಂತೆ."

"ರೆಗ್ಯುಲೇಟರ್?"

"ಬಂದ್ ಇತ್ತು." ಎಂದವನು ಸೇರಿಸಿದ, "ಆದ್ರೆ ಬಲಗಡೆ ನಾಬು ಪೂರಾ ತೆರ್ದಿತ್ತು ಅಕ್ಕ."

ಅಂದರೆ ರೆಗ್ಯುಲೇಟರಿನ ಆ ಒಂದು ತಿರುವೇ ನಮ್ಮನ್ನು ಉಳಿಸಿದ್ದು. ನಾಬು ಮರೆತ ನಾನು ರೆಗ್ಯುಲೇಟರನ್ನು ಮಾತ್ರ ನೆನಪಿಟ್ಟು ತಿರುಗಿಸಿದೆನೇ? ಅಥವಾ ನಾನು ಗೇಟು ದಾಟಿದ ಮೇಲೆ, ಐವತ್ತು ವರ್ಷ, ದಿನಾ ರಾತ್ರಿ ಮಲಗುವ ಮೊದಲು ಕೆಂಡಕ್ಕೆ ಬೂದಿ ಮುಚ್ಚಿದ ದೊಡ್ಡಮ್ಮನ ಕೈ ಸುಮ್ಮನೆ ಒಂದು ಸಲ ಬಂದು ನೋಡಿತೇ?

ಮನೆಗೆ ಹೋದವಳೇ ಕೇಳಿದೆ. ದೊಡ್ಡಮ್ಮ ಬತ್ತಿ ಹೊಸೆಯುತ್ತಿದ್ದಳು. "ಒಲೆ ಮುಟ್ಟಬೇಡ ಅಂದವ್ಳು ನೀನೇ ಅಲ್ದಾ? ನಾ ಎಂತಕ್ಕೆ ಮುಟ್ತೆ?" ಎಂದು ಮುಖ ತಿರುಗಿಸಿದಳು. ಇದು ಉತ್ತರವಲ್ಲ ಎಂಬುದು ಅವಳಿಗೂ ಗೊತ್ತು.

ಮಾರನೆಯ ದಿನವೇ ನನ್ನ ಆಜ್ಞೆ ರದ್ದಾಯಿತು. ಈಗ ಅಗ್ನಿಗೆ ದಿನಾ ಊಟ ಉಂಟು, ನನಗೆ ವಾರಕ್ಕೊಮ್ಮೆ ಬರ್ನರ್ ತೊಳೆಯುವ ಕೆಲಸ. ಬ್ರಶ್ಶಿಗೆ ಸುಟ್ಟ ಅಗುಳು ಸಿಕ್ಕಿದಾಗಲೆಲ್ಲ ಮೆಲ್ಲಗೆ ಮತ್ತೆ ಕೇಳುತ್ತೇನೆ. ದಿನಚರಿಯ ಆ ಪುಟದಲ್ಲಿ ಸುಳ್ಳು ಸಾಲನ್ನು ಹೊಡೆದುಹಾಕಿ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ, ಈ ಸಲ ಮುಂಗಡವಾಗಿ ಏನನ್ನೂ ಬರೆದಿಲ್ಲ.

"ದೊಡ್ಡಮ್ಮ, ಅವತ್ತು ಅದನ್ನ ಬಂದ್ ಮಾಡಿದ್ದು ನೀನಾ, ನಾನಾ?"