ಕೆಮ್ಮಿಗೆ ತೆರೆದ ಮೈಕು

ನಮ್ಮ ಪಂಚಾಯ್ತಿ ಹಟ್ಟಿಯ ಹೆಂಗಸಿನ ಮಾತನ್ನು ನುಂಗಿ ಹಾಕಿತು. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಗ್ರಾಮಸಭೆ ರೆಕಾರ್ಡು ಮಾಡಲು ತಿಪಟೂರಿನಿಂದ ಸಾಲು ಮೈಕು ತಂದರು. ಅವನ್ನು ತಾನೇ ತೆರೆದು ಮುಚ್ಚುವ ಪೆಟ್ಟಿಗೆಯನ್ನೂ ತಂದರು. ಯಾವ ಮೈಕಿನಲ್ಲಿ ಸದ್ದು ಜೋರೋ ಅದನ್ನು ತೆರೆದು, ಉಳಿದವುಗಳ ಬಾಯಿ ಕಟ್ಟುವುದೇ ಅದರ ಕೆಲಸ. ಅದು ಬಂದ ಮೇಲೆ ಒಂದು ಸಭೆಯಾದರೂ ನೆಟ್ಟಗೆ ಮುಗಿದಿದ್ದರೆ ಕೇಳಿ!

ಕೆಮ್ಮು

ಕುರಿ ಕಾಯುವವರ ಹಟ್ಟಿ ಊರಾಚೆ ಇದೆ. ಅಲ್ಲಿನ ಹೆಂಗಸು ಎದ್ದು, "ಸ್ವಾಮಿ, ನಮ್ಮ ಹಟ್ಟಿಗೆ ನಲ್ಲಿ ಯಾವಾಗ ಹಾಕುಸ್ತೀರಾ?" ಅಂದಳು. ಅವಳದು ಮೆಲುದನಿ. ಅದೇ ಗಳಿಗೆಗೆ ಅಧ್ಯಕ್ಷರು ಕೆಮ್ಮಿದರು. ಪೆಟ್ಟಿಗೆ ಅವಳ ಮೈಕು ಮುಚ್ಚಿ ಕೆಮ್ಮಿಗೆ ದಾರಿ ಬಿಟ್ಟಿತು.

ರೆಕಾರ್ಡಿನಲ್ಲಿ ಉಳಿದದ್ದು ಇಷ್ಟು: "ಸ್ವಾಮಿ, ನಮ್ಮ ಹಟ್ಟಿಗೆ... ಖೊ ಖೊ ಖೊ."

ಅದನ್ನು ಕೇಳಿ ಕಾರ್ಯದರ್ಶಿ ನಡಾವಳಿಯಲ್ಲಿ ಬರೆದರು: "ಹಟ್ಟಿಯ ವಿಚಾರಕ್ಕೆ ಅಧ್ಯಕ್ಷರು ಪ್ರತಿಕ್ರಿಯಿಸಿದರು."

ಕಾಯಿಯ ಭಾಷಣ

ನಮ್ಮ ಕಡೆಯವರ ಕೈಗೆ ಅಟ್ಟದ ಒಣಗಾಯಿ ಕೊಟ್ಟರೆ ಅಲ್ಲಾಡಿಸದೆ ಬಿಡರು. ಒಳಗೆ ಕೊಬ್ಬರಿ ಕಳಚಿದೆಯೋ ಇಲ್ಲವೋ ಕಿವಿಯಿಂದಲೇ ತಿಳಿಯಬೇಕು. ಮುಂದಿನ ಸಭೆಗೆ ಸದಸ್ಯರೊಬ್ಬರು ಅಂಥ ಕಾಯಿ ಹಿಡಿದು ಬಂದರು. ಅಧ್ಯಕ್ಷರು ತಮ್ಮ ಸಾಧನೆ ಹೇಳುತ್ತಿದ್ದರು. ಕಾಯಿ ಕೈಯಿಂದ ಕೈಗೆ ಹೋಯಿತು, ಪ್ರತಿ ಮೈಕಿನ ಮುಂದೂ ಗಡಗಡ! ರೆಕಾರ್ಡು ಹಾಕಿದರೆ ಸಾಧನೆ ಎಲ್ಲಿ? ಪೂರಾ ಕಾಯಿಯ ಭಾಷಣ.

"ನನ್ ಮಾತು ಎಲ್ರೀ?" ಅಂತ ಅಧ್ಯಕ್ಷರು ಹಾರಾಡಿದರು.

"ತಿರುಳಿರೋದು ಯಾವುದು ಅಂತ ಮಿಷಿನ್‌ಗೂ ಗೊತ್ತಾಯ್ತದೆ ಬುಡಿ ಸ್ವಾಮಿ" ಅಂದಳು ಹಟ್ಟಿಯ ಹೆಂಗಸು.

ಬಾಯಿ ಮುಚ್ಚುವ ಚಳವಳಿ

ಆ ಪೆಟ್ಟಿಗೆಯ ಚಾಳಿ ನೋಡಿ ನೋಡಿ ನನಗೊಂದು ಗುಟ್ಟು ಸಿಕ್ಕಿತು. ಎಲ್ಲರೂ ಸುಮ್ಮನಾದರೆ ಕೊನೆಗೆ ಮಾತಾಡಿದವನ ಮೈಕು ತೆರೆದೇ ಇರುತ್ತದೆ! ಹಟ್ಟಿಗೆ ಓಡಿದೆ. "ಈ ಸಲ ಯಾರೂ ಕಮಕ್ ಕಿಮಕ್ ಅನ್ನಬಾರದು" ಅಂದೆ.

"ಹುಟ್ಟಿದಾಗಿಂದ ಕಿರುಚ್ತಾ ಬಂದೋನು ನೀನು. ಜ್ವರ ಬಂದೈತೇನಪ್ಪಾ?" ಅಂತ ಅದೇ ಹೆಂಗಸು ನನ್ನ ಹಣೆ ಮುಟ್ಟಿ ನೋಡಿದಳು.

ತಮ್ಮ ಸಾಧನೆ ಊರಿಗೆಲ್ಲ ಕೇಳಲಿ ಅಂತ ಅಧ್ಯಕ್ಷರು ಈ ಸಲ ಹೊರಗೊಂದು ಸ್ಪೀಕರು ಕಟ್ಟಿಸಿದ್ದರು. ಸಭೆಯಲ್ಲಿ ಅವರು, "ಏನಾದ್ರೂ ಕೇಳೋದೈತಾ?" ಅಂದರು. ಸಭೆ ಕಲ್ಲಿನಂತೆ ಕೂತಿತ್ತು. ನಾನು ತುಟಿ ಕಚ್ಚಿಕೊಂಡಿದ್ದೆ. ಅವರು ಕಾರ್ಯದರ್ಶಿಯ ಕಿವಿಗೆ ಬಗ್ಗಿ ಪಿಸುಗುಟ್ಟಿದರು. ಹೊರಗಿನ ಸ್ಪೀಕರು ಊರಿಗೆಲ್ಲ ಸಾರಿತು: "ಹಟ್ಟಿ ಪೈಪು ನಮ್ಮ ತೋಟಕ್ಕೆ ತಿರುಗ್ಸಿರೋದು ಈ ಮುಂಡೇವ್ಕೆ ಇನ್ನೂ ತಿಳಿದಿಲ್ಲ ಕಣ್ರೀ!"

ತಮ್ಮ ದನಿ ತಮಗೇ ಕೇಳಿಸಿ ಅಧ್ಯಕ್ಷರಿಗೆ ಕೆಮ್ಮು ಒತ್ತರಿಸಿ ಬಂತು. ಖೊ ಖೊ ಖೊ.

ಹಟ್ಟಿಯ ಹೆಂಗಸು ಎದ್ದು ನಿಂತಳು. "ಬರ್ಕೊಳ್ಳಿ ಕಾರ್ಯದರ್ಶಿಗಳೇ, ಅಧ್ಯಕ್ಷರು ಪ್ರತಿಕ್ರಿಯಿಸಿದರು!"

ಪೈಪು ಈಗ ಹಟ್ಟಿಯ ಕಡೆ ತಿರುಗಿದೆ. ನೀವು ನಕ್ಕು ಸುಮ್ಮನಾಗಬೇಡಿ. ನಿಮ್ಮೂರ ಗ್ರಾಮಸಭೆಗೆ ಹೋಗಿ. ರೆಕಾರ್ಡು ಹಾಕಿಸಿ ಎಲ್ಲರೆದುರು ಕೇಳಿ. ಮೆತ್ತಗೆ ಮಾತಾಡಿದವರ ಮಾತು ಅದರಲ್ಲಿ ಇಲ್ಲದಿದ್ದರೆ ನಡಾವಳಿಗೆ ಸಹಿ ಹಾಕಬೇಡಿ!