ಟವೆಲ್ಲಿನ ಕೆಳಗೆ ಕುದುರಿದ ಸಮುದ್ರ

ಒಂಬತ್ತುನೂರು ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ. ಪ್ರವಾಸದ ಬಗ್ಗೆ ಬರೆಯುವವರು ಗುಡಿ, ಗೋಪುರ, ಸೂರ್ಯಾಸ್ತ ಎಲ್ಲವನ್ನೂ ಬರೆಯುತ್ತಾರೆ, ಎಷ್ಟು ಖರ್ಚಾಯಿತು ಎಂಬುದನ್ನು ಮಾತ್ರ ನುಂಗಿಬಿಡುತ್ತಾರೆ. ನಾನು ಏಕಸಂಬಿಯ ಬೆಲ್ಲದ ದಲಾಲಿ. ದರ ಹೇಳದೆ ಮಾತು ಶುರು ಮಾಡಿದರೆ ನನಗೆ ಬಿಕ್ಕಳಿಕೆ ಬರುತ್ತದೆ. ಒಂದು ತಿಂಗಳ ಪ್ರವಾಸಕ್ಕೆ ಒಂಬತ್ತುನೂರೇ ಏಕೆ ಎಂದರೆ, ಮಣ್ಣಿನ ಮಾಳಿಗೆ ಕಿತ್ತು ಸ್ಲ್ಯಾಬ್ ಹಾಕಿಸಲು ಹೊರಟ ಮೇಲೆ ನನ್ನ ಕಿಸೆಯಲ್ಲಿ ಉಳಿದದ್ದು ಅಷ್ಟೇ. ಅಂಥ ಹೊತ್ತಿನಲ್ಲಿ ಪ್ರವಾಸವೇ ಏಕೆ ಎಂದರೆ, ಅದಕ್ಕೂ ಸ್ಲ್ಯಾಬೇ ಕಾರಣ. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮ ಕಡೆ ಸ್ಲ್ಯಾಬ್ ಹಾಕಿಸದವನಿಗೆ ಹೆಣ್ಣು ಕೊಡುವುದಿರಲಿ, ಉದ್ರಿ ಸಕ್ಕರೆಯನ್ನೂ ಕೊಡುತ್ತಿರಲಿಲ್ಲ. ಆದರೆ ಸ್ಲ್ಯಾಬ್ ಹಾಕಿದ ಮೇಲೆ ಅದಕ್ಕೆ ಆಸರೆ ಕೊಟ್ಟ ಕಟ್ಟಿಗೆಗಳನ್ನು ಹೆಚ್ಚುಕಡಿಮೆ ಒಂದು ತಿಂಗಳು ತೆಗೆಯುವಂತಿಲ್ಲ. ಮನೆಯೊಳಗೆ ಮೊಳಕ್ಕೊಂದು ಗಳ. ಪಡಸಾಲೆಯಿಂದ ಬಚ್ಚಲಿಗೆ ಹೋಗುವುದೆಂದರೆ ಕಬ್ಬಿನ ಹೊಲದಲ್ಲಿ ನರಿ ನುಸುಳಿದ ಹಾಗೆ. ಅಲ್ಲಿ ಸಂಸಾರ ಮಾಡಲು ಸಾಧ್ಯವಿಲ್ಲ. ಬಾಡಿಗೆ ಮನೆ ಹಿಡಿದು ಅದೇ ಓಣಿಯ ಅದೇ ಮುಖಗಳನ್ನು ದುಡ್ಡು ಕೊಟ್ಟು ನೋಡುವ ಬದಲು, ಮೇಲೆ ಒಂದಿಷ್ಟು ಸೇರಿಸಿದರೆ ಬೇರೆ ಊರನ್ನೇ ನೋಡಬಹುದಲ್ಲ ಎಂಬ ಅಮೋಘ ವಿಚಾರ ನನಗೆ ಹೊಳೆಯಿತು. ಇಂಥ ವಿಚಾರಗಳು ನನಗೆ ಹೊಳೆಯುತ್ತಲೇ ಇರುತ್ತವೆ. ಅದೇ ನನ್ನ ಬದುಕಿನ ದೊಡ್ಡ ತೊಂದರೆ.

ಹೆಂಡತಿ ಸುಶೀಲಾ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಹೇಳಿದೆ. ಅವಳು ತಿರುಗಿಯೂ ನೋಡಲಿಲ್ಲ.

"ಹೋಗೂಣು. ಆದ್ರ ನಂದು ಎರಡ ಮಾತ. ಒಂದು, ಆ ಊರಾಗ ಸಮುದ್ರ ಇರಬೇಕು. ಎರಡು, ತಿಂಗಳ ತನಕ ನಾ ಒಲಿ ಹಚ್ಚಾಂಗಿಲ್ಲ."

"ಒಂದ ತಿಂಗಳಾ?"

"ಲಗ್ನಾಗಿ ಇಪ್ಪತ್ತ ವರ್ಷ ಆತ್ರಿ. ಈ ಕೈಗೆ ಒಂದ ದಿನಾ ಹಿಟ್ಟ ತಪ್ಪಿಲ್ಲ. ತವರಮನಿಗೆ ಹೋದ್ರೂ, ಸುಶೀಲಾನ ರೊಟ್ಟಿ ಭಾಳ ಛಲೋ ಆಗತಾವ ಅಂತ ಹಂಚಿನ ಮುಂದನ ಕುಂದ್ರಸ್ತಾರ. ಕೈ ಒಣಗಿದ್ರ ಹೆಂಗ ಕಾಣತಾವ, ಒಮ್ಮೆ ನೋಡಬೇಕಾಗೇತಿ."

ನಗುತ್ತಾ ಹೇಳಿದ್ದರೆ ಚೌಕಾಸಿಗೆ ಇಳಿಯುತ್ತಿದ್ದೆ. ಅವಳು ನಗಲಿಲ್ಲ. ಗಿರಾಕಿ ನಗದೆ ದರ ಹೇಳಿದರೆ ಅದು ಕಡೆಯ ದರ ಎಂದು ತಿಳಿಯಬೇಕು. ಇದನ್ನು ಯಾರೂ ನಿಮಗೆ ಪುಕ್ಕಟೆ ಹೇಳಿಕೊಡುವುದಿಲ್ಲ.

ಇನ್ನು ನಮ್ಮವ್ವ. ಅವಳದು ಹೊತ್ತು ಮುಳುಗುವ ಮುಂಚೆ ಊಟ. ನಾವು ಜೈನರು, ಮನೆಯಲ್ಲಿ ಉಳಿದವರು ಹಿಂದೆಮುಂದೆ ಮಾಡಿದರೂ ಅವ್ವ ಮಾತ್ರ ಸೂರ್ಯನ ಜೊತೆ ಒಪ್ಪಂದ ಮಾಡಿಕೊಂಡವಳು. ನಡು ಬಾಗಿ ಸಣ್ಣವಳಾಗಿದ್ದಾಳೆಂದು ಒಮ್ಮೆ ಚಿಕ್ಕೋಡಿಯ ಬಸ್ಸಿನಲ್ಲಿ ಅವಳಿಗೆ ಅರ್ಧ ಟಿಕೆಟ್ ಕೇಳಿದ್ದೆ. "ನಾವು ವಯಸ್ಸ ನೋಡತೀವ್ರಿ, ಎತ್ತರ ಅಲ್ಲ" ಎಂದ ಕಂಡಕ್ಟರ್. ಅವ್ವ ಅಂದಿನಿಂದ ನನ್ನ ಜೊತೆ ಬಸ್ಸಿನಲ್ಲಿ ಒಂದೇ ಸೀಟಿನ ಮೇಲೆ ಕೂರುವುದಿಲ್ಲ.

ಊರು ಆರಿಸುವುದು ಬೆಲ್ಲ ಆರಿಸಿದ ಹಾಗೆಯೇ. ಬೆಲ್ಲದ ಪೆಂಟಿಯ ಮೇಲಿನ ಬಣ್ಣ ನೋಡಿ ಮರುಳಾಗಬಾರದು. ಚುಚ್ಚಿ ಒಳಗಿನದನ್ನು ನಾಲಿಗೆಗೆ ಹಚ್ಚಬೇಕು. ಹೀಗೆ ನಾನು ಒಂದೊಂದೇ ಊರನ್ನು ಚುಚ್ಚತೊಡಗಿದೆ. ಮುಂಬಯಿಯಲ್ಲಿ ಸುಶೀಲಾಳ ತಮ್ಮನಿದ್ದ, ಸಮುದ್ರವೂ ಇತ್ತು, ಪುಕ್ಕಟೆ ವಸತಿಯೂ ಇತ್ತು. ಆದರೆ ಆ ಒಂದು ಖೋಲಿಯಲ್ಲಿ ಆಗಲೇ ಎಂಟು ಜನರಿದ್ದರು. "ನಮ್ಮನ್ನ ಎಲ್ಲಿ ಮಲಗಸ್ತಾನ?" ಎಂದು ಕೇಳಿದ್ದಕ್ಕೆ ಸುಶೀಲಾ, "ಪಾಳಿ ಮ್ಯಾಲ. ಅವ್ವಂದು ಎರಡನೇ ಪಾಳಿ ಬರತೈತಿ" ಎಂದಳು. ಮಹಾಬಳೇಶ್ವರದಲ್ಲಿ ಸಮುದ್ರವಿಲ್ಲ, ಇದ್ದಿದ್ದರೂ ದುಡ್ಡು ಕೇಳುತ್ತಿದ್ದರು. ಅಲ್ಲಿನ ಹೊಟೇಲಿನವರು ರಾತ್ರಿ ಊಟಕ್ಕೆ ಒಲೆ ಹಚ್ಚುವ ಹೊತ್ತಿಗೆ ನಮ್ಮವ್ವ ಉಂಡದ್ದು ಅರಗಿರುತ್ತದೆ. ಗೋವೆಯ ಹೆಸರೆತ್ತಿದಾಗ ಅವ್ವ ಕಿವಿ ಮುಚ್ಚಿಕೊಂಡು ಮೂರು ಸಲ ಣಮೋಕಾರ ಮಂತ್ರ ಹೇಳಿದಳು. ಕೊನೆಗೆ ನಾನು ಒಂದು ಭರ್ಜರಿ ಯೋಜನೆ ಮಾಡಿದೆ. ಧರ್ಮಶಾಲೆಗಳಲ್ಲಿ ಮೂರು ದಿನ ಇರಗೊಡುತ್ತಾರೆ, ಅಲ್ಲವೇ? ಹತ್ತು ಧರ್ಮಶಾಲೆ ಸೇರಿಸಿದರೆ ಒಂದು ತಿಂಗಳು! ವಸತಿ ಪುಕ್ಕಟೆ, ಪುಣ್ಯ ಬೇರೆ.

"ಮೂರ ದಿನಕ್ಕೊಮ್ಮೆ ಗಂಟಮೂಟಿ ಹೊತಗೊಂಡ ಹೋಗಾಕ ನಾವೇನ ಸರ್ಕಸ್ಸಿನವರಾ?" ಎಂದಳು ಸುಶೀಲಾ. "ಮತ್ತ ಅಲ್ಲಿ ಅಡಗಿ ಯಾರ ಮಾಡಾವರು?"

ಧರ್ಮಶಾಲೆಯವರು ಒಲೆ ಕೊಡುತ್ತಾರೆ, ಪಾತ್ರೆ ಕೊಡುತ್ತಾರೆ ಎಂದು ಹೇಳಲು ಬಾಯಿ ತೆರೆದವನು ಅವಳ ಕೈಯಲ್ಲಿನ ಲಟ್ಟಣಿಗೆ ನೋಡಿ ಮುಚ್ಚಿದೆ.

ನಮ್ಮ ಸುದೈವಕ್ಕೆ ಆ ವಾರವೇ ಪದ್ಮಕ್ಕ ಬಂದಳು. ಪಕ್ಕದ ಬೋರಗಾವಿಯ ಬೆಲ್ಲದ ವ್ಯಾಪಾರಿಯೊಬ್ಬರ ಮಗಳು. ಗಂಡ ತೀರಿಕೊಂಡ ಮೇಲೆ ರತ್ನಾಗಿರಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮಾಸ್ತರರು, ಬ್ಯಾಂಕಿನ ಕಾರಕೂನರು ಅವಳಲ್ಲಿ ತಿಂಗಳಿಗಿಷ್ಟು ಎಂದು ಕೊಟ್ಟು ಎರಡು ಹೊತ್ತು ಉಣ್ಣುತ್ತಿದ್ದರು. ಯಾರದೋ ಲಗ್ನಕ್ಕೆ ಬಂದವಳು ಚಹಾ ಕುಡಿಯುತ್ತ, "ಮೇ ತಿಂಗಳಾಗ ಮಾಸ್ತರಗೋಳು ಊರಿಗೆ ಹೋಗ್ತಾರ. ತಾಟ ಖಾಲಿ, ಮ್ಯಾಲಿನ ಖೋಲಿ ಖಾಲಿ, ನೊಣ ಹೊಡಕೋತ ಕೂಡೂದು ನೋಡ್ರಿ" ಎಂದು ನಿಟ್ಟುಸಿರು ಬಿಟ್ಟಳು. ನನ್ನ ಮೈಯ ಕೂದಲು ನಿಮಿರಿ ನಿಂತವು. ರತ್ನಾಗಿರಿ ಎಂದರೆ ಸಮುದ್ರ. ಪದ್ಮಕ್ಕ ನಮ್ಮ ಜೈನರವಳೇ ಆದ್ದರಿಂದ ಹೊತ್ತು ಮುಳುಗುವ ಮುಂಚೆ ಊಟ. ಒಲೆ ಅವಳದು, ಹಿಟ್ಟು ಅವಳದು. ಪ್ರವಾಸಿ ಎಂದರೆ ಹೊಟೇಲಿನವನು ದಿನದ ಲೆಕ್ಕದಲ್ಲಿ ಸುಲಿಯುತ್ತಾನೆ. ಖಾನಾವಳಿಯ ಮೆಂಬರ್ ಎಂದರೆ ತಿಂಗಳ ಲೆಕ್ಕ. ಅದೂ ಗಿರಾಕಿ ಇಲ್ಲದ ತಿಂಗಳು! ಇಂಥ ಸರಕು ಜೀವಮಾನದಲ್ಲಿ ಒಮ್ಮೆ ಪೇಟೆಗೆ ಬರುತ್ತದೆ.

"ಪದ್ಮಕ್ಕಾ, ನಾವು ಮೆಂಬರ ಆಗತೀವಿ. ದರ ಹೇಳ" ಎಂದೆ.

ಅವಳು ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದವರನ್ನು ನೋಡಿದಳು. "ಅಣ್ಣಾ, ಬಾಯಿಲೆ ದರ ಹೇಳಿದ್ರ ನಾಳಿಗೆ ಅರ್ಧ ಏಕಸಂಬಿ ಅದ ದರಕ್ಕ ಉಣ್ಣಾಕ ಬಂದ ಕುಂದ್ರತೈತಿ. ಟವೆಲ್ ತಗೋರಿ."

ಇಲ್ಲಿ ಟವೆಲ್ಲಿನ ವಿಷಯ ಹೇಳಬೇಕು. ನಮ್ಮ ವ್ಯಾಪಾರದಲ್ಲಿ ನಾಲ್ಕು ಜನರ ಎದುರು ದರ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಮತ್ತು ಮಾರುವವನ ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಾರೆ; ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ದರ ಕುದುರಿಸುತ್ತಾರೆ. ಹೊರಗಿನವರಿಗೆ ಕಾಣುವುದು ಎರಡು ಪೆಚ್ಚು ಮುಖಗಳಷ್ಟೇ. ನಾನು ಇದನ್ನು ಮನೆಗೂ ತಂದಿದ್ದೆ. ಎಷ್ಟೇ ಸಣ್ಣ ಮೊತ್ತ ಕಿವಿಗೆ ಬಿದ್ದರೂ ಅವ್ವ "ಅಯ್ಯಯ್ಯೋ, ಮನಿ ಮುಳಗತು" ಎನ್ನುವುದರಿಂದ ನಾನೂ ಸುಶೀಲಾಳೂ ಖರ್ಚಿನ ಮಾತನ್ನೆಲ್ಲ ಟವೆಲ್ಲಿನ ಕೆಳಗೇ ಆಡುತ್ತಿದ್ದೆವು. ಅವ್ವ ನೋಡಿದಾಗಲೆಲ್ಲ, "ತಲಿ ಹಣ್ಣಾಗೂ ವಯಸ್ಸಿಗೆ ಇಬ್ರೂ ಕೈ ಕೈ ಹಿಡಕೊಂಡ ಕುಂದ್ರತಾವ, ನಾಚಿಗಿ ಇಲ್ಲದಾವು" ಎಂದು ಮುಖ ತಿರುಗಿಸುತ್ತಿದ್ದಳು.

ಹುರುಪಿನಿಂದ ಹೆಗಲ ಮೇಲಿನ ಟವೆಲ್ ಝಾಡಿಸಿದೆ. ಆಗಲೇ ತೊಡಕು ಹೊಳೆದದ್ದು. ತುಂಬಿದ ಪಡಸಾಲೆಯಲ್ಲಿ, ತಾಯಿ ಮತ್ತು ಹೆಂಡತಿಯ ಎದುರು ಪದ್ಮಕ್ಕನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು ಕೂರುವುದು ಹೇಗೆ? ದರ ಕುದುರುವ ಮೊದಲು ಸಂಸಾರ ಮುರಿಯುತ್ತದೆ. ನಾನು ಟವೆಲ್ ಹಿಡಿದು ಮರದ ಹಾಗೆ ನಿಂತೆ. ಸುಶೀಲಾ ಎದ್ದು ಬಂದು ಅದನ್ನು ನನ್ನ ಕೈಯಿಂದ ಮೆಲ್ಲಗೆ ಇಸಿದುಕೊಂಡಳು.

"ಕೊಡ್ರಿ ಇಲ್ಲಿ. ನೀವ ಕಲಿಸೀರಲ್ಲ."

ನೋಡಿ, ಅರ್ಧ ಆಯುಷ್ಯ ಟವೆಲ್ಲಿನ ಕೆಳಗೆ ಕಳೆದವನು ನಾನು. ಟವೆಲ್ಲನ್ನು ಹೊರಗಿನಿಂದ ನೋಡುವುದು ಎಂಥ ಹಿಂಸೆ ಎಂದು ಅವತ್ತು ತಿಳಿಯಿತು. ಬಟ್ಟೆ ಉಬ್ಬಿತು, ತಗ್ಗಿತು. ಪದ್ಮಕ್ಕ ಹುಬ್ಬೇರಿಸಿದಳು. ಸುಶೀಲಾ ತಲೆ ಅಲ್ಲಾಡಿಸಿದಳು. ನಾನು ಕಣ್ಣಿನಿಂದ "ಇಳಿಸು, ಇಳಿಸು" ಎಂದು ಸನ್ನೆ ಮಾಡಿದೆ. "ಕಣ್ಣಿಗೆ ಏನ ಬಿತ್ತೋ?" ಎಂದಳು ಅವ್ವ. ಅಷ್ಟರಲ್ಲಿ ಇಬ್ಬರೂ ಕಿಸಕ್ಕನೆ ನಕ್ಕರು. ನಮ್ಮ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಯಾರೂ ನಕ್ಕದ್ದನ್ನು ನಾನು ನೋಡಿಲ್ಲ. ಆಗಲೇ ಎಚ್ಚರಾಗಬೇಕಿತ್ತು.

"ಮುಗೀತು" ಎಂದಳು ಸುಶೀಲಾ, ಟವೆಲ್ ಮಡಚುತ್ತ.

"ಎಷ್ಟಕ್ಕ?"

"ಒಂಬತ್ತನೂರದಾಗ ಬಸ್ಸಿನ ಚಾರ್ಜೂ ಕೂಡಿ ಎಲ್ಲಾ ಆಗತೈತಿ. ಟವೆಲ್ಲಿನ ಕೆಳಗಿಂದು ಹೊರಗ ಹೇಳಬಾರದು ಅಂತ ನೀವ ಹೇಳಿದ್ರಿ."

ನಾನು ಹೆಮ್ಮೆಯಿಂದ ಓಣಿಯೆಲ್ಲ ತಿರುಗಾಡಿದೆ. ಒಂಬತ್ತುನೂರರಲ್ಲಿ ಮೂರು ಜನ, ಒಂದು ತಿಂಗಳು, ಸಮುದ್ರದ ಸಮೇತ! ಕೇಳದವರಿಗೂ ಸಲಹೆ ಕೊಟ್ಟೆ. ಈಜಲು ಹೊಸ ಚಡ್ಡಿಯನ್ನೂ ಹೊಲಿಸಿದೆ. ಅಂಗಡಿಯವನು ಉಳಿದ ಬಟ್ಟೆಯ ತುಂಡೆಂದು ಅರ್ಧ ದರಕ್ಕೆ ಕೊಟ್ಟದ್ದು, ಒಂದು ಕಾಲು ನೀಲಿ, ಒಂದು ಕಾಲು ಪಟ್ಟೆಪಟ್ಟೆ.

ಸ್ಲ್ಯಾಬ್ ಬಿದ್ದ ಸಂಜೆ ಗವಂಡಿ ಶಿವಪ್ಪ ಕೈಕಾಲಿನ ಸಿಮೆಂಟ್ ತೊಳೆದುಕೊಂಡು, ಪೇಢೆ ತಿಂದು, ಹೊರಡುವ ಮುಂಚೆ ಕೇಳಿದ:

"ದಲಾಲ್ರ, ನೀರ ಯಾರ ಹೊಡಿಯಾವರು?"

"ಎದಕ್ಕ ನೀರು?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಸ್ಲ್ಯಾಬಿಗ್ರಿ. ಬ್ಯಾಸಿಗಿ ಬಿಸಲಾಗ ದಿನಾ ಎರಡ ಹೊತ್ತ ನೀರ ನಿಲ್ಲಸಬೇಕ್ರಿ. ಇಲ್ಲಂದ್ರ ಹಪ್ಪಳ ಬಿರದಂಗ ಬಿರೀತೈತಿ."

"ನೀನ ಹೊಡದ ಬಿಡೋ ಮಾರಾಯಾ."

"ನಾ ನಾಳಿಂದ ಕಾಗವಾಡದ ಕೆಲಸಕ್ಕ ಹೊಂಟೀನ್ರಿ."

ಆಳು ಇಡೋಣವೆಂದರೆ ಆಳಿನ ಮೇಲೆ ನಿಗಾ ಇಡಲು ಮತ್ತೊಬ್ಬ ಬೇಕು; ಜೀವಮಾನದ ಗಳಿಕೆಯೆಲ್ಲ ನೆತ್ತಿಯ ಮೇಲೆ ಒಣಗುತ್ತಿದೆ. ಆಸರೆಯ ಕಟ್ಟಿಗೆಗಳ ನಡುವಿನಿಂದ ಸುಶೀಲಾಳ ದನಿ ಬಂತು: "ನಿಮ್ಮದ ಕಾಳಜಿ ಮಾಡಬ್ಯಾಡ್ರಿ. ಪದ್ಮಕ್ಕನ ಕಡೆ ನಾ ಇಬ್ಬರದ ಮಾತಾಡೀನಿ. ಅವ್ವಂದು, ನಂದು."

"ಅಂದ್ರ ನಿನಗ ಮೊದಲ ಗೊತ್ತಿತ್ತಾ?"

"ಎದರಗಡೆ ಮನಿಯವರು ಹ್ವಾದ ವರ್ಷ ಸ್ಲ್ಯಾಬ್ ಹಾಕಿಸಿದಾಗ ಆ ಮನಿ ಯಜಮಾನ ತಿಂಗಳ ತನಕ ಮಾಳಗಿ ಇಳದಿದ್ದಿಲ್ಲ. ನೀವೂ ನೋಡೀರಿ. ಅವಾಗ ನೀವು ಕೆಳಗ ನಿಂತು ಸಿಮೆಂಟ ಎಷ್ಟಕ್ಕ ತಂದ್ರಿ ಅಂತ ಕೇಳಾಕತ್ತಿದ್ರಿ."

ಅತ್ತೆ-ಸೊಸೆಯರನ್ನು ನಿಪ್ಪಾಣಿಗೆ ಒಯ್ದು ಬಸ್ಸು ಹತ್ತಿಸಿ ಬಂದೆ. ನಮ್ಮ ಬೆಲ್ಲದ ಗೋದಾಮಿನಲ್ಲಿ ಮಲಗುತ್ತಿದ್ದೆ. ಮೊದಲ ವಾರದಲ್ಲೇ ಅಲ್ಲಿನ ಇರುವೆಗಳು ನನ್ನನ್ನೂ ಸರಕೆಂದೇ ಭಾವಿಸಿದವು. ಸ್ಲ್ಯಾಬಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆ. ಹೊಲಿಸಿದ ಚಡ್ಡಿ ವ್ಯರ್ಥವಾಗಬಾರದೆಂದು ಅದನ್ನೇ ಹಾಕಿಕೊಂಡು ಹಿಮ್ಮಡಿ ಮುಳುಗುವ ನೀರಿನಲ್ಲಿ ಅಡ್ಡಾಡುತ್ತಿದ್ದೆ. ಓಣಿಯವರು ಕೆಳಗೆ ನಿಂತು, "ಏನ್ರಿ ದಲಾಲ್ರ, ರತ್ನಾಗಿರಿ ಹೆಂಗೈತಿ? ಅಲಿ ಬರಾಕತ್ತಾವೇನು?" ಎಂದು ಕೂಗುತ್ತಿದ್ದರು. ರೊಟ್ಟಿ ಬಡಿಯಲು ಕೂತೆ. ಮೊದಲನೆಯದು ಹಂಚಿಗೆ ಹತ್ತಿತು, ಎರಡನೆಯದು ಕೈಗೆ ಹತ್ತಿತು, ಮೂರನೆಯದನ್ನು ಎಮ್ಮೆ ಮೂಸಿ ನೋಡಿ ಹಿಂದೆ ಸರಿಯಿತು. ಸುಶೀಲಾಳ ಕಾರ್ಡು ಬಂತು: ಸಮುದ್ರ ನೋಡಿದೆವು, ದೊಡ್ಡದಿದೆ, ನಾವು ಆರಾಮ, ಮೂಲೆಗಳಿಗೆ ನೀರು ಹೊಡೆಯಿರಿ.

ಮಳೆಗಾಲದ ಮೊದಲ ಮೋಡದ ಜೊತೆಗೆ ಇಬ್ಬರೂ ಬಂದರು. ಮಾವಿನಹಣ್ಣು ತಂದಿರಬಹುದೆಂದು ಚೀಲ ನೋಡಿದೆ. "ಹಾದ್ಯಾಗ ಕೊಳೀತಾವಂತ ಅಲ್ಲೇ ತಿಂದ ಬಂದ್ವಿ" ಎಂದಳು ಸುಶೀಲಾ. ಸಮುದ್ರ ಹೇಗಿತ್ತೆಂದು ಕೇಳಿದ್ದಕ್ಕೆ ಅವ್ವ, "ಎಲ್ಲಾ ಉಪ್ಪಪ್ಪಾ. ಅಷ್ಟ ನೀರ ಇಟ್ಕೊಂಡ ಏನ ಮಾಡೂದು? ನಿನ್ನ ಸ್ಲ್ಯಾಬಿಗೂ ಬರಾಂಗಿಲ್ಲ" ಎಂದಳು. ಸುಶೀಲಾ ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿ ಹಿಡಿದಳು. ಉಗುರಿನ ಸಂದಿಯಲ್ಲಿ ಹಿಟ್ಟಿರಲಿಲ್ಲ. ಬೆರಳ ತುದಿಯ ಸುಟ್ಟ ಕಲೆಗಳು ಮಾಸಿದ್ದವು. ನಿಜ ಹೇಳುತ್ತೇನೆ, ಅವು ಯಾರ ಕೈಗಳೆಂದು ನನಗೆ ಗುರುತು ಹತ್ತಲಿಲ್ಲ. "ಕುಂದ್ರ, ರೊಟ್ಟಿ ಬಡೀತೀನಿ" ಎಂದೆ. ಅವಳು ಕೂತಳು. ಒಂದು ರೊಟ್ಟಿಯನ್ನು ಮುರಿದು, ಬಹಳ ಹೊತ್ತು ಅಗಿದು, ನುಂಗಿದಳು.

"ಪದ್ಮಕ್ಕಗ ಮುಂದಿನ ವರ್ಷಾನೂ ಬರತೀವಂತ ಹೇಳಿ ಬಂದೀನಿ."

"ಮುಂದಿನ ವರ್ಷ ಯಾಕ? ಸ್ಲ್ಯಾಬ್ ಆತಲ್ಲ?"

"ಗೋದಾಮಿಗೆ ಆಗಿಲ್ಲಲ್ರಿ."

ಆದ್ದರಿಂದ ಓದುಗರೇ, ಕಡಿಮೆ ದುಡ್ಡಿನಲ್ಲಿ ತಿಂಗಳ ಪ್ರವಾಸಕ್ಕೆ ಊರು ಹುಡುಕುತ್ತಿದ್ದರೆ ನನ್ನ ಮಾತು ಕೇಳಿ. ಪ್ರವಾಸಿಯಾಗಿ ಹೋಗಬೇಡಿ, ಖಾನಾವಳಿಯ ಮೆಂಬರಾಗಿ ಹೋಗಿ. ಅದೂ ಖಾಯಂ ಗಿರಾಕಿಗಳು ಊರಿಗೆ ಹೋದಾಗ. ದರ ಕೇಳುವ ಮೊದಲು ಯಾರು ಯಾರು ಹೋಗುವವರೆಂದು ಕೇಳಿಕೊಳ್ಳಿ. ಇಷ್ಟಾಗಿಯೂ ಹಿಂದೆ ಉಳಿಯುವ ಪಾಳಿ ನಿಮ್ಮದೇ ಆದರೆ, ನೀರನ್ನು ಬೆಳಿಗ್ಗೆ ಒಮ್ಮೆ, ಬಿಸಿಲು ಇಳಿದ ಮೇಲೆ ಒಮ್ಮೆ ಹೊಡೆಯಿರಿ. ಮಧ್ಯಾಹ್ನ ಬರಿಗಾಲಿನಲ್ಲಿ ಮೇಲೆ ಹತ್ತಬೇಡಿ. ಮೂಲೆಗಳನ್ನು ಮರೆಯಬೇಡಿ, ಬಿರಿಯುವುದು ಅಲ್ಲಿಂದಲೇ. ರೊಟ್ಟಿಯ ನೀರು ಮಾತ್ರ ಕುದಿಯುತ್ತಿರಬೇಕು. ಇನ್ನೂ ಏನಾದರೂ ಸಂಶಯವಿದ್ದರೆ ಮೇ ತಿಂಗಳಲ್ಲಿ ಏಕಸಂಬಿಗೆ ಬನ್ನಿ. ಗೋದಾಮಿನ ಮೇಲೆ ಇರುತ್ತೇನೆ.